ದನಿ ಉಳಿದವಳು, ಮುಖ ಉಳಿದವಳು

ಕಳೆದ ವರ್ಷ ಕೊನೆಯ ಬಿ.ಎ. ತರಗತಿಗೆ ವೃತ್ತಿ ರಂಗಭೂಮಿಯ ಪಾಠ ಮಾಡುವಾಗ ಮಕ್ಕಳಿಗೆ ಒಂದು ಕೆಲಸ ಹಚ್ಚಿದೆ. ಮನೆಯಲ್ಲೋ ಓಣಿಯಲ್ಲೋ ಇರುವ ವಯಸ್ಸಾದವರನ್ನು ಮಾತಾಡಿಸಿ, ಅವರು ನೋಡಿದ ಕಂಪನಿ ನಾಟಕದ ಒಬ್ಬ ನಟಿಯ ಬಗ್ಗೆ ನಾಲ್ಕು ಪುಟ ಬರೆದು ತರಬೇಕು. ಅವಳು ಎಲ್ಲಿಯವಳು, ಹೇಗೆ ನಾಟಕಕ್ಕೆ ಬಂದಳು, ಏನು ಹಾಡಿದಳು, ಇಷ್ಟೇ. ನಾನು ಪಾಠ ಮಾಡುವ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಬಂದುಹೋಗುವ ಮಕ್ಕಳೇ ಹೆಚ್ಚು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು ಒಂದಷ್ಟು, ಜಗಳೂರು ಕಡೆಯವರು ಇನ್ನಷ್ಟು. ಅಡಿಕೆ ತೋಟದ ಊರು, ಹೊಳೆದಂಡೆಯ ಊರು, ಮಳೆಗಾಗಿ ಮುಗಿಲು ನೋಡುವ ಊರು ಎಲ್ಲ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಬಗೆಬಗೆಯ ಹೆಸರು, ಬಗೆಬಗೆಯ ಹಾಡು ಬರುತ್ತವೆ ಎಂದುಕೊಂಡಿದ್ದೆ.

ಬಂದದ್ದು ಬಹುತೇಕ ಒಂದೇ ಹೆಸರು, ಅದೂ ಒಂದೇ ಮಾತುಗಳಲ್ಲಿ. ಚಿಂದೋಡಿ ಲೀಲಾ. ದಾವಣಗೆರೆಯವರು. ತಂದೆ ಚಿಂದೋಡಿ ವೀರಪ್ಪ, ಕೆ.ಬಿ.ಆರ್. ಡ್ರಾಮಾ ಕಂಪನಿಯ ಮಾಲೀಕರು. ಚಿಕ್ಕ ವಯಸ್ಸಿನಲ್ಲೇ ರಂಗಪ್ರವೇಶ. ‘ಹಳ್ಳಿ ಹುಡುಗಿ’ ನಾಟಕದಿಂದ ಮನೆಮಾತು. ಸಿನಿಮಾಗಳಲ್ಲಿ ನಟನೆ. 1988ರಲ್ಲಿ ಪದ್ಮಶ್ರೀ. 2010ರ ಜನವರಿಯಲ್ಲಿ ನಿಧನ. ಮಕ್ಕಳು ಅಜ್ಜಿಯರನ್ನು ಕೇಳುವ ಬದಲು ಮೊಬೈಲನ್ನು ಕೇಳಿದ್ದರು. ಬೈಯಲು ಮನಸ್ಸಾಗಲಿಲ್ಲ, ಯಾಕೆಂದರೆ ನಾವು ದೊಡ್ಡವರು ಬರೆಯುವ ಸ್ಮರಣ ಸಂಚಿಕೆಗಳಲ್ಲೂ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಚನ್ನಗಿರಿಯ ಹುಡುಗನೊಬ್ಬನನ್ನು ಮಾತ್ರ ನಿಲ್ಲಿಸಿ ಕೇಳಿದೆ: “ಚಿಕ್ಕ ವಯಸ್ಸಿನಲ್ಲೇ ರಂಗಪ್ರವೇಶ ಅಂತ ಬರೆದಿದ್ದೀಯಲ್ಲಪ್ಪ, ಮರುದಿನ ಬೆಳಿಗ್ಗೆ ಆ ಮಗು ಏನು ಮಾಡಿತು?”

ಅವನು ನಕ್ಕ. “ಮಲಗಿರ್ತದೆ ಮೇಡಂ. ರಾತ್ರಿಯೆಲ್ಲ ನಾಟಕ ಅಲ್ವಾ?”

ತಮಾಷೆಗೆ ಹೇಳಿದ್ದರೂ ಅವನ ನಾಲ್ಕು ಪುಟದಲ್ಲಿ ಇರದಿದ್ದ ವಿಷಯ ಆ ಒಂದು ಮಾತಿನಲ್ಲಿತ್ತು. ಒಂದು ಮಗು ರಾತ್ರಿ ಎಚ್ಚರವಿದ್ದು ಹಗಲು ಮಲಗುತ್ತದೆ. ಅದು ಶಾಲೆಗೆ ಹೋಗುವುದು ಯಾವಾಗ? ಎರಡು ಮೂರು ತಿಂಗಳಿಗೊಮ್ಮೆ ಕ್ಯಾಂಪು ಕಿತ್ತರೆ ಅದಕ್ಕೆ ಗೆಳತಿಯರು ಎಲ್ಲಿಂದ? ಜಡೆ ಹಾಕುವವರು ಯಾರು, ಹಾಡು ತಿದ್ದುವವರು ಯಾರು, ತಪ್ಪಿದರೆ ಹೊಡೆಯುವವರು ಯಾರು? ನಟಿಯ ಬಾಲ್ಯ ಎಂದರೆ ಈ ಪ್ರಶ್ನೆಗಳು. ನಮ್ಮ ಬರಹಗಳಲ್ಲಿ ಅದು ‘ತಂದೆಯಿಂದ ಬಳುವಳಿಯಾಗಿ ಬಂದ ಕಲೆ’ ಎಂಬ ಒಂದು ಸಾಲು. ಹೊಲ ಗದ್ದೆ ಬಂದ ಹಾಗೆ ಕಲೆಯೂ ಬಂತು, ಖಾತೆ ಬದಲಾಯಿತು, ಮುಗಿಯಿತು.

ನಾನೂ ಈ ಪಾಪದಲ್ಲಿ ಪಾಲುದಾರಳು. ಸ್ನಾತಕೋತ್ತರ ಓದುವಾಗ ಹವ್ಯಾಸಿ ನಾಟಕಗಳ ಹುಚ್ಚು ಹಿಡಿದಿತ್ತು. ಕಂಪನಿ ನಾಟಕವೆಂದರೆ ಜೋರು ದನಿ, ದ್ವಂದ್ವಾರ್ಥ, ಜರಿ ಸೀರೆ ಎಂದು ವಿಭಾಗದ ಭಿತ್ತಿಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ಗೆಳೆಯರು ಬೆನ್ನು ತಟ್ಟಿದ್ದರು. ನಾನು ಹುಟ್ಟಿದ ನ್ಯಾಮತಿಯ ಮನೆಯಲ್ಲಿ ಗಟ್ಟಿಯಾಗಿ ನಕ್ಕರೆ, ಹಾಡು ಗುನುಗಿಕೊಂಡು ಬಾಗಿಲಿಗೆ ಬಂದರೆ ‘ನಾಟಕದೋಳ ಹಂಗೆ ಆಡಬ್ಯಾಡ’ ಎಂದು ಬೈಯುತ್ತಿದ್ದರು. ನನ್ನ ಲೇಖನವೂ ಅದೇ ಬೈಗುಳವನ್ನು ಗ್ರಂಥಸ್ಥ ಕನ್ನಡದಲ್ಲಿ ಹೇಳಿತ್ತು ಎಂಬುದು ಬಹಳ ವರ್ಷ ಹೊಳೆಯಲಿಲ್ಲ. ಬೈಯುತ್ತಿದ್ದ ನನ್ನ ಅವ್ವನೇ ಕಂಪನಿ ಬಂದಾಗ ಅಡಿಗೆ ಬೇಗ ಮುಗಿಸಿ, ನೆರೆಮನೆಯವರ ಜೊತೆ ಹೆಂಗಸರ ಕಡೆಯ ನೆಲದಲ್ಲಿ ಜಾಗ ಹಿಡಿಯಲು ಓಡುತ್ತಿದ್ದಳು. ಮರುದಿನ ಒಲೆಯ ಮುಂದೆ, ಯಾರಿಗೂ ಕೇಳದಷ್ಟು ಸಣ್ಣಗೆ ಆ ಹಾಡುಗಳನ್ನು ಹೇಳಿಕೊಳ್ಳುತ್ತಿದ್ದಳು.

ಕಂಪನಿಯಲ್ಲಿ ನಾಯಕಿ ಎಂದರೆ ಹಾಡುವವಳು. ಕಣ್ಣು ಮೂಗು ಚೆನ್ನಾಗಿದ್ದು ಹಾಡು ಬಾರದವಳಿಗೆ ಸಖಿಯ ಪಾತ್ರ. ಹಾಡು ಬರುವವಳಿಗೆ ವಯಸ್ಸು ನಲವತ್ತು ದಾಟಿದರೂ ಹದಿನಾರರ ರಾಜಕುಮಾರಿಯ ಪಾತ್ರ. ಮೈಕು ಇಲ್ಲದ ಕಾಲದಲ್ಲಿ ರೂಢಿಯಾದ ಕ್ರಮ ಇದು. ಕಾಲಿನಲ್ಲಿ ತಿದಿ ಒತ್ತಿ ಎರಡೂ ಕೈಯಲ್ಲಿ ಬಾರಿಸುವ ಹಾರ್ಮೋನಿಯಂನ ಸದ್ದನ್ನು ಮೀರಿ, ತಬಲಾ ಮೀರಿ, ತಗಡಿನ ಗೋಡೆಯ ಕೊನೆಯಲ್ಲಿ ನಿಂತವನಿಗೂ ಅಕ್ಷರ ಕೇಳಬೇಕು. ಆದ್ದರಿಂದ ಶ್ರುತಿ ಏರು. ರಾಗ ಎಷ್ಟು ಬೆಳೆಸಬಹುದು ಎನ್ನುವುದಕ್ಕಿಂತ ಮಾತು ಎಷ್ಟು ತಲುಪುತ್ತದೆ ಎನ್ನುವುದು ಮುಖ್ಯ. ಮಾತಿನಿಂದ ಹಾಡಿಗೆ ಜಾರುವ ಜಾಗದಲ್ಲಿ ನಟಿಯ ಕಸುಬು ಗೊತ್ತಾಗುತ್ತಿತ್ತು. ಅಳುತ್ತಾ ಆಡಿದ ಕೊನೆಯ ಮಾತಿನ ಬಾಲವನ್ನೇ ಮಾಸ್ತರು ಸ್ವರವಾಗಿ ಹಿಡಿಯುತ್ತಾರೆ, ಅವಳು ಅಲ್ಲಿಂದ ಹಾಡನ್ನು ಎತ್ತಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಹೊಡೆದರೆ ನಾಟಕ ಮುಂದೆ ಸಾಗದು. ಅದಕ್ಕೇ ಮಾಲೀಕರಿಗೆ ಜಿಲ್ಲೆಯ ಗಡಿಗಿಂತ ಸುಗ್ಗಿ, ಜಾತ್ರೆ, ಮಳೆ ಮುಖ್ಯವಾಗಿದ್ದವು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು, ದಾವಣಗೆರೆ ಚಿತ್ರದುರ್ಗದಲ್ಲಿ. 1997ರಲ್ಲಿ ಹೊಸ ಜಿಲ್ಲೆ ಆಗುವ ಎಷ್ಟೋ ಮೊದಲೇ ಕಂಪನಿಯ ಲಾರಿಗಳು ಈ ಊರುಗಳನ್ನು ಒಂದು ದಾರಿಯಲ್ಲಿ ಪೋಣಿಸಿದ್ದವು. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ಶಿರಸಿಯ ಮಾರಿಕಾಂಬೆಯ ಜಾತ್ರೆ ಅವರ ಪಂಚಾಂಗ.

ಲೀಲಾ ಬೆಳೆದದ್ದು ಇಂಥ ಪಂಚಾಂಗದಲ್ಲಿ. 1920ರ ದಶಕದ ಕೊನೆಯಲ್ಲಿ, ಅವರು ಹುಟ್ಟುವ ಮೊದಲೇ ಅಪ್ಪ ಕಟ್ಟಿದ ಕಂಪನಿ. ಕಂಪನಿಯ ಮಕ್ಕಳಿಗೆ ಬಾಲ್ಯ ಬೇರೆ, ವೃತ್ತಿ ಬೇರೆ ಎಂದು ಇರಲಿಲ್ಲ. ಪೌರಾಣಿಕ ನಾಟಕಗಳಿಗೆ ಮಕ್ಕಳು ಬೇಕೇ ಬೇಕು. ಲೋಹಿತಾಶ್ವ, ಪ್ರಹ್ಲಾದ, ಧ್ರುವ, ಮಾರ್ಕಂಡೇಯ, ಬಾಲಕೃಷ್ಣ. ಹಾವು ಕಚ್ಚಿ ಸಾಯುವುದು, ಬೆಂಕಿಗೆ ಬೀಳುವುದು, ಮಲತಾಯಿ ನೂಕುವುದು ಇವೆಲ್ಲವನ್ನೂ ಐದಾರು ವರ್ಷಕ್ಕೇ ಸಾವಿರ ಜನರ ಎದುರು ಮಾಡಿ ಮುಗಿಸಿರುತ್ತಾರೆ. ಆಮೇಲೆ ಸಖಿ, ಆಮೇಲೆ ನಾಯಕಿ, ಕೊನೆಗೆ ತಾಯಿ. ಪಾಠವೆಂಬುದು ಪ್ರತ್ಯೇಕವಾಗಿ ಇಲ್ಲ. ಸೈಡ್‌ವಿಂಗಿನಲ್ಲಿ ನಿಂತು ದೊಡ್ಡವರ ಹಾಡನ್ನು ಪ್ರತಿ ರಾತ್ರಿ ಕೇಳುವುದೇ ಪಾಠ. ಒಂದು ರಾತ್ರಿ ನಾಯಕಿಗೆ ಜ್ವರ ಬಂದರೆ ಅದೇ ಪರೀಕ್ಷೆ. ಲೀಲಾ ಅವರನ್ನು ‘ಮಾಲೀಕರ ಮಗಳು, ಆದ್ದರಿಂದ ನಾಯಕಿ’ ಎಂದು ನೋಡುವವರು ಒಂದು ಸಂಗತಿ ಮರೆಯುತ್ತಾರೆ. ಮಾಲೀಕರ ಮಗಳಿಗೆ ಬೇರೆ ನಟಿಯರಿಗಿದ್ದ ಒಂದು ಸ್ವಾತಂತ್ರ್ಯ ಇರಲಿಲ್ಲ. ಸಂಬಳ ಸಾಲದಿದ್ದರೆ ಅವರು ಇನ್ನೊಂದು ಕಂಪನಿಗೆ ಹೋಗಬಹುದಿತ್ತು. ಇವಳು ಎಲ್ಲಿಗೆ ಹೋಗಬೇಕು? ಕಲೆಕ್ಷನ್ ಆಗದ ರಾತ್ರಿಯ ಲೆಕ್ಕವೂ ಇವಳ ಮನೆಯದೇ, ಮರುದಿನದ ಅಕ್ಕಿಯ ಚಿಂತೆಯೂ ಇವಳ ಮನೆಯದೇ.

ಎಲ್ಲಿಗಾದರೂ ಹೋದವರ ಕತೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕೆಂದು ನನಗೆ ಅನ್ನಿಸಿದ್ದು ರಹಮತ್ ತರೀಕೆರೆಯವರು ಬರೆದ ಅಮೀರ್‌ಬಾಯಿ ಕರ್ನಾಟಕಿಯ ಜೀವನಚರಿತ್ರೆ ಓದಿದ ಮೇಲೆ. ಲೀಲಾಗಿಂತ ಒಂದು ತಲೆಮಾರು ಹಿರಿಯಳು. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯವಳು. ಹಾಡು, ನಾಟಕ ಹಾಸುಹೊಕ್ಕಾಗಿದ್ದ ಮನೆ. ಅಕ್ಕ ಗೋಹರ್‌ಬಾಯಿಯೂ ಹಾಡುವವಳು, ನಟಿಸುವವಳು. ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಹೋದ ಅಮೀರ್‌ಬಾಯಿ 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ನಟಿಸಿದಳು. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬಂದದ್ದೂ ಅದೇ ವರ್ಷ. ಕನ್ನಡದಲ್ಲಿ ಸಿನಿಮಾ ಕಣ್ಣು ಬಿಡುವ ಹೊತ್ತಿಗೆ ಕನ್ನಡದ ಹುಡುಗಿ ಅಲ್ಲಿ ಕ್ಯಾಮೆರಾದ ಎದುರು ನಿಂತಾಗಿತ್ತು. ಆದರೆ ನಟಿಯಾಗಿ ಅವಳ ಹೆಸರು ನಿಲ್ಲಲಿಲ್ಲ. 1935ರ ನಂತರ ಹಾಡುವುದೊಬ್ಬರು, ತುಟಿ ಆಡಿಸುವುದೊಬ್ಬರು ಎಂಬ ಪದ್ಧತಿ ಬೆಳೆಯಿತು. ಅಮೀರ್‌ಬಾಯಿಯ ಕಾಲ ಬಂದದ್ದು ಆಗ. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ತೆರೆಯ ಮೇಲೆ ಮುಮ್ತಾಜ್ ಶಾಂತಿ, ದನಿ ಅಮೀರ್‌ಬಾಯಿಯದು. ಮರುವರ್ಷ ‘ರತನ್’. ತೆರೆಯ ಮೇಲೆ ಸ್ವರ್ಣಲತಾ, ಹಾಡುಗಳಲ್ಲಿ ಕೆಲವು ಅಮೀರ್‌ಬಾಯಿಯವು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟಳು. ಹೆಂಗಸೊಬ್ಬಳು ಸಂಗೀತ ನಿರ್ದೇಶಕಿ ಆಗುವುದು ಇವತ್ತಿಗೂ ಅಪರೂಪವೇ. 1965ರಲ್ಲಿ ತೀರಿಕೊಂಡಳು. ವಿಜಯಪುರದ ಅಮೀರ್ ಟಾಕೀಸ್ ಎಂಬ ಹೆಸರಿನ ಹಿಂದೆ ಇರುವುದು ಅವಳೇ ಎಂದು ಅಲ್ಲಿ ಸಿನಿಮಾ ನೋಡಿದ ಎಷ್ಟು ಮಂದಿಗೆ ಗೊತ್ತೋ.

ಈ ಇಬ್ಬರ ಆರಂಭ ಒಂದೇ ಥರದ್ದು. ಹಾಡುವ ಮನೆ, ಬೇಗ ಸಂಪಾದನೆಗೆ ಹಚ್ಚಿದ ಬಾಲ್ಯ, ‘ನಾಟಕದವಳು’ ಎಂಬ ಹೆಸರು. ಮುಂದಿನ ದಾರಿ ಮಾತ್ರ ಒಂದಕ್ಕೊಂದು ತಿರುವುಮುರುವು. ನಟಿಯಾಗಿ ಹೊರಟ ಅಮೀರ್‌ಬಾಯಿಯನ್ನು ಸಿನಿಮಾ ಬರೀ ದನಿಯಾಗಿ ಉಳಿಸಿಕೊಂಡಿತು. ಲೀಲಾ ಸಿನಿಮಾಕ್ಕೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’, 1971ರಲ್ಲಿ ‘ಶರಪಂಜರ’. ಕನ್ನಡದ ಹಾಡುಗಳೆಲ್ಲ ಅಷ್ಟರಲ್ಲಿ ಪಿ. ಸುಶೀಲಾ, ಎಸ್. ಜಾನಕಿಯವರ ಕೊರಳಿಗೆ ಒಪ್ಪಿಸಿಯಾಗಿತ್ತು. ಹಾಡುವ ಕಂಪನಿಯಿಂದ ಬಂದವರಿಗೆ ಸಿಕ್ಕಿದ್ದು ಮಾತಾಡುವ ಪಾತ್ರ. ‘ಶರಪಂಜರ’ವನ್ನು ಟಿ.ವಿ.ಯಲ್ಲಿ ನೋಡುವಾಗಲೆಲ್ಲ ನಾವು ಕಲ್ಪನಾರನ್ನು ನೋಡುತ್ತೇವೆ, ಸಹಜವೇ. ಅದರಲ್ಲಿ ಲೀಲಾ ಇದ್ದಾರೆ ಎಂದು ಈಚೆಗೆ ಗೆಳತಿಯೊಬ್ಬರಿಗೆ ಹೇಳಿದೆ, ಅವರು ನಂಬಲಿಲ್ಲ. ಒಬ್ಬಳ ಮುಖವನ್ನು ತೆಗೆದುಕೊಂಡು ದನಿ ಬಿಟ್ಟುಕೊಟ್ಟರು, ಇನ್ನೊಬ್ಬಳ ದನಿ ಬೇಡವೆಂದು ಮುಖಕ್ಕೆ ಮೂಲೆಯಲ್ಲಿ ಜಾಗ ಕೊಟ್ಟರು. ಕಂಪನಿಯ ರಂಗದ ಮೇಲೆ ಒಂದೇ ದೇಹದಲ್ಲಿದ್ದ ಎರಡು ವಿದ್ಯೆಗಳನ್ನು ಸಿನಿಮಾ ಕತ್ತರಿಸಿ ಬೇರೆ ಮಾಡಿತು. ಗಾಯಕ-ನಟಿ ಎಂಬ ಜಾತಿಯೇ ಆ ಕತ್ತರಿಯಲ್ಲಿ ಸತ್ತುಹೋಯಿತು ಎಂದು ನನ್ನ ತಿಳಿವಳಿಕೆ.

ಇವರಿಬ್ಬರ ನಡುವೆ, ಕತ್ತರಿ ಬೀಳುವ ಮುಂಚಿನ ಘಳಿಗೆಯಲ್ಲಿ, ಗುಬ್ಬಿ ಕಂಪನಿಯ ಬಿ. ಜಯಮ್ಮ ನಿಲ್ಲುತ್ತಾರೆ. ಎಳವೆಯಲ್ಲೇ ಕಂಪನಿ ಸೇರಿದವರು, ಆಮೇಲೆ ವೀರಣ್ಣನವರ ಪತ್ನಿಯಾದವರು. ರಂಗದ ಮೇಲೆ ಹಾಡಿ ಆಡಿದ್ದನ್ನೇ ಸಿನಿಮಾಕ್ಕೂ ತಂದವರು. 1945ರ ‘ಹೇಮರೆಡ್ಡಿ ಮಲ್ಲಮ್ಮ’ ಅವರದು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಹೆಸರುಗಳ ವಿಷಯ ನೋಡಿ. ಅಮೀರ್‌ಬಾಯಿ ಮುಂಬಯಿಯಲ್ಲಿ ‘ಕರ್ನಾಟಕಿ’ ಆದಳು. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಹಲವು ದಶಕ ಮುಂಚೆ, ಅಂಥದೊಂದು ರಾಜ್ಯವೇ ಇಲ್ಲದಾಗ, ಬೀಳಗಿಯ ಮುಸ್ಲಿಂ ಮನೆಯ ಇಬ್ಬರು ಹೆಣ್ಣುಮಕ್ಕಳು ಆ ಹೆಸರು ಹೊತ್ತು ತಿರುಗುತ್ತಿದ್ದರು. ಏಕೀಕರಣದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಯಲ್ಲಾದರೂ ಸೇರಿಸಬೇಕು. ಲೀಲಾ ನಾಡು ಬಿಡಲಿಲ್ಲ, ನಾಡಿನ ಹೆಸರು ಬೇಕಾಗಲಿಲ್ಲ. ಅವರಿಗೆ ಮನೆತನದ, ಅಂದರೆ ಕಂಪನಿಯ ಹೆಸರೇ ಅಂಟಿಕೊಂಡಿತು.

ಅಕ್ಕ ಗೋಹರ್‌ಬಾಯಿಯ ಪಾಡು ಇನ್ನೂ ಕಠಿಣ. ಮರಾಠಿ ರಂಗಭೂಮಿಯ ಕಣ್ಮಣಿ ಬಾಲಗಂಧರ್ವ. ಗಂಡಸಾಗಿ ಹುಟ್ಟಿ ಸ್ತ್ರೀ ಪಾತ್ರಗಳಲ್ಲಿ ಮೆರೆದವರು, ಮಹಾರಾಷ್ಟ್ರದ ಹೆಂಗಸರೇ ಅವರ ಸೀರೆ, ಜಡೆಯ ರೀತಿಯನ್ನು ಅನುಸರಿಸಿದರೆಂದು ಹೇಳುತ್ತಾರೆ. ವಯಸ್ಸಾದ ಮೇಲೆ ಅವರ ಕಂಪನಿಗೆ ಗೋಹರ್‌ಬಾಯಿ ಸೇರಿ ನಾಯಕಿಯ ಪಾತ್ರಗಳನ್ನು ಮಾಡಿದಳು, ಅವರ ಬಾಳಿನಲ್ಲೂ ಜೊತೆಯಾದಳು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿದ್ದನ್ನು ಅಲ್ಲಿಯ ಅಭಿಮಾನಿಗಳು ಕ್ಷಮಿಸಲಿಲ್ಲ. ದೇವಮಾನವನ ಪತನಕ್ಕೆ ಇವಳೇ ಕಾರಣ ಎಂದು ಬರೆದರು. ಕಡೆಗಾಲದಲ್ಲಿ ಅವರನ್ನು ನೋಡಿಕೊಂಡವಳು ಅವಳೇ ಎಂಬುದು ಆ ಬರಹಗಳಲ್ಲಿ ಸಣ್ಣ ದನಿಯಲ್ಲಿ ಬರುತ್ತದೆ. ಕನ್ನಡದವರಾದ ನಾವು ಅವಳ ಪರವಾಗಿ ಎದ್ದು ಮಾತಾಡಿದೆವೇ ಎಂದರೆ, ಅದೂ ತೀರ ತಡವಾಗಿ.

ಉಳಿಯುವುದು ಎಂದರೇನು ಎಂಬ ಪ್ರಶ್ನೆಗೆ ಬರುತ್ತೇನೆ. ಅಮೀರ್‌ಬಾಯಿಯ ದನಿ ಇವತ್ತು ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ. ಅದು ಉಳಿದದ್ದು ಅರಗಿನ ತಟ್ಟೆಯಿಂದ. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ನಮ್ಮ ದೇಶದ ಹಾಡುಗಾರಿಕೆ ಆ ಮೂರು ನಿಮಿಷಕ್ಕೆ ಮೈ ಕುಗ್ಗಿಸಿಕೊಳ್ಳುವುದನ್ನು 1902ರಲ್ಲಿ ಕಲ್ಕತ್ತೆಯ ಗೋಹರ್ ಜಾನ್ ತೋರಿಸಿಕೊಟ್ಟಿದ್ದಳು. ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಅವಳ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ, ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ. ಕಂಪನಿಯ ಹಾಡಿಗೆ ಈ ಮೂರು ನಿಮಿಷದ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹಾಡಿನ ಉದ್ದ ನಿರ್ಧರಿಸುವುದು ಜನ. ಹಿಂದಿನ ಸಾಲಿನಿಂದ ‘ವನ್ಸ್‌ಮೋರ್’ ಎಂದು ಕೂಗು ಬಂತೋ, ಸತ್ತು ಬಿದ್ದಿದ್ದ ನಾಯಕಿ ಎದ್ದು ಕೂತು ಇನ್ನೊಮ್ಮೆ ಹಾಡಿ ಸಾಯಬೇಕು. ನಾನು ಹಿಂದೆ ಇದನ್ನು ಅಭಾಸವೆಂದು ಬರೆದಿದ್ದೆ. ಈಗ ಯೋಚಿಸಿದರೆ ಅದು ಅಭಾಸವೂ ಹೌದು, ಒಪ್ಪಂದವೂ ಹೌದು. ಎರಡನೆಯ ಸಲ ಹಾಡುವಾಗ ನಟಿ ಮೊದಲಿನಂತೆಯೇ ಹಾಡುವಂತಿಲ್ಲ. ಅದೇ ಮಟ್ಟು, ಅದೇ ಮಾತು, ಆದರೆ ಏನೋ ಒಂದು ಹೆಚ್ಚು ಕೊಡಬೇಕು. ರಾತ್ರಿಗೆ ನಾಲ್ಕು ಸಲ, ತಿಂಗಳಿಗೆ ಇಪ್ಪತ್ತೈದು ರಾತ್ರಿ. ಹೀಗೆ ಕಾದ ಕಂಠ ಯಾವ ಮುದ್ರಣಕ್ಕೂ ಸಿಗುವ ವಸ್ತುವಲ್ಲ. ‘ಹಳ್ಳಿ ಹುಡುಗಿ’ಯ ಲೀಲಾರನ್ನು ಊರೂರಿನಲ್ಲಿ ಕಂಡವರ ಕಿವಿಯಲ್ಲಿ ಉಳಿದದ್ದು ಅಂಥ ಕಂಠ. ಆ ಕಿವಿಗಳು ಈಗ ಒಂದೊಂದಾಗಿ ಮಣ್ಣಿಗೆ ಹೋಗುತ್ತಿವೆ.

ಇದನ್ನೆಲ್ಲ ಹೇಳುವಾಗ ಕಂಪನಿಗಳ ಮೇಲಿನ ನನ್ನ ಹಳೆಯ ತಕರಾರನ್ನು ಪೂರ್ತಿ ವಾಪಸು ತೆಗೆದುಕೊಂಡಿಲ್ಲ. ಟಿ.ವಿ. ಬಂದ ಮೇಲೆ ಎಷ್ಟೋ ಕಂಪನಿಗಳು ಹಾಡು ಬಿಟ್ಟು ಹಾಸ್ಯಕ್ಕೆ, ಹಾಸ್ಯ ಬಿಟ್ಟು ಅಶ್ಲೀಲಕ್ಕೆ ಜಾರಿದವು. ಅಲ್ಲಿ ನಿಂತ ಹೆಣ್ಣುಮಕ್ಕಳು ಅನುಭವಿಸಿದ್ದನ್ನು ರೊಮ್ಯಾಂಟಿಕ್ ಮಾಡಬಾರದು. ಹಾಡು ಇದ್ದಾಗ ಅವರಿಗೆ ಒಂದು ಮರ್ಯಾದೆ ಇತ್ತು. ಹಾಡು ಹೋದ ಮೇಲೆ ಉಳಿದದ್ದು ಬರೀ ಮೈ. ಹೆಂಗಸರು ತಾವೇ ಕಂಪನಿ ಕಟ್ಟಿದ ಉದಾಹರಣೆ, ಲಕ್ಷ್ಮೇಶ್ವರದ ಬಚ್ಚಾಸಾನಿಯಿಂದ ಮೊದಲುಗೊಂಡು, ನಮ್ಮಲ್ಲಿದೆ. ಅವರ ಮಾತನ್ನು ಅವರದೇ ಬಾಯಲ್ಲಿ ಬರೆದಿಟ್ಟುಕೊಂಡದ್ದು ಮಾತ್ರ ಕಡಿಮೆ. ಗಂಡಸು ನಟರು ಆತ್ಮಕತೆ ಬರೆದರು, ಬರೆಸಿದರು. ಅವುಗಳಲ್ಲಿ ನಟಿಯರು ಬರುತ್ತಾರೆ, ಹೋಗುತ್ತಾರೆ, ಯಾರನ್ನೋ ಮದುವೆಯಾಗುತ್ತಾರೆ.

ಲೀಲಾರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ಕಾಣುವುದು ಪದ್ಮಶ್ರೀಯಲ್ಲ. 1995ರಲ್ಲಿ ಬಂದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ. ಅದರ ನಿರ್ಮಾಪಕಿ ಅವರೇ, ನಿರ್ದೇಶಿಸಿದವರು ಚಿಂದೋಡಿ ಬಂಗಾರೇಶ್. ಕಣ್ಣಿಲ್ಲದ ಒಬ್ಬ ಸಂಗೀತಗಾರ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಹಾಡು ಕಲಿಸಿದ ಕತೆ. ಕಂಪನಿ ನಾಟಕದವರಿಗೆ ಈ ಆಶ್ರಮ ಪರಕೀಯವಲ್ಲ. ಆಶ್ರಮದ ಹೊಟ್ಟೆ ತುಂಬಿಸಲು ಅವರೂ ನಾಟಕ ಕಂಪನಿ ನಡೆಸಿದರು. ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಸಂಗೀತ ಕೊಟ್ಟರು. ಎಷ್ಟೋ ಕಂಪನಿಗಳ ಹಾರ್ಮೋನಿಯಂ ಮಾಸ್ತರುಗಳು ತಯಾರಾದದ್ದು ಅಲ್ಲಿ. ತಾನು ಹಾಡಿ ಬದುಕಿದ ವಿದ್ಯೆ ಎಲ್ಲಿಂದ ಬಂತು ಎಂದು ಲೀಲಾ ಕೈಯಿಂದ ಹಣ ಹಾಕಿ ತೋರಿಸಿದ ಹಾಗಿದೆ ಆ ಚಿತ್ರ. ಮಾರುಕಟ್ಟೆ ಬಲ್ಲ ಯಾವ ನಿರ್ಮಾಪಕನೂ ಮುಟ್ಟುವ ವಸ್ತುವಲ್ಲ ಅದು. ಹಂಸಲೇಖರಿಗೆ ಸಂಗೀತಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇಬ್ಬರಿಗೂ ಸಲ್ಲಬೇಕಾದದ್ದೇ. ಆದರೂ ಆ ಹಾಡುಗಳನ್ನು ಕೇಳುವಾಗ ನನಗೊಂದು ವಿಚಿತ್ರ ತೋರುತ್ತದೆ. ಹಾಡುವ ಕಂಪನಿಯಲ್ಲಿ ಬೆಳೆದ ಹೆಣ್ಣೊಬ್ಬಳು ಸಂಗೀತದ ಬಗ್ಗೆಯೇ ಒಂದು ಚಿತ್ರ ಮಾಡುತ್ತಾಳೆ, ದೇಶ ಅದರ ಸಂಗೀತಕ್ಕೆ ತಲೆದೂಗುತ್ತದೆ. ತಲೆದೂಗಿದ್ದು ಅವಳ ದನಿಗಲ್ಲ.

ಮಕ್ಕಳ ಪುಟಗಳಿಗೆ ಮರಳುತ್ತೇನೆ. ಮೊಬೈಲು ನೋಡಿ ಬರೆಯದಿದ್ದವರು ನಾಲ್ಕೈದು ಮಂದಿ. ಹೊನ್ನಾಳಿಯ ಹುಡುಗಿ ತನ್ನ ತಾತನಿಂದ ಟಿಕೆಟ್ಟಿನ ವಿಷಯ ಬರೆಸಿಕೊಂಡು ಬಂದಿದ್ದಳು. ನೆಲಕ್ಕೆ ಎಷ್ಟು, ಕುರ್ಚಿಗೆ ಎಷ್ಟು, ಹೊಳೆಗೆ ನೀರು ಬಂದಾಗ ದಾಟಲಾಗದೆ ಎಷ್ಟು ನಾಟಕ ತಪ್ಪಿದವು. ನಟಿಯ ಹೆಸರು ತಾತನಿಗೆ ನೆನಪಿಲ್ಲ, ಅವಳು ಉಟ್ಟಿದ್ದ ಹಸಿರು ಸೀರೆ ನೆನಪಿದೆ. ನ್ಯಾಮತಿಯಿಂದ, ನನ್ನದೇ ಊರಿನಿಂದ, ಒಬ್ಬ ಹುಡುಗ ಬರೆದದ್ದು ಹೀಗೆ: ‘ನಮ್ಮ ಅಜ್ಜಿ ಎಲ್ಲ ನಟಿಯರಿಗೂ ಲೀಲಾ ಅಂತಲೇ ಕರೆಯುತ್ತಾರೆ. ಯಾವ ಕಂಪನಿ ಬಂದರೂ ಲೀಲಾ ಬಂದಳು ಅಂತಿದ್ದರಂತೆ.’ ಅವನು ಇದನ್ನು ತಪ್ಪು ಎಂಬಂತೆ ಬರೆದಿದ್ದ. ನಾನು ಅಂಚಿನಲ್ಲಿ ಗೆರೆ ಎಳೆದು ಪೂರ್ತಿ ಅಂಕ ಕೊಟ್ಟೆ. ನನ್ನ ಅವ್ವನ ಬಾಯಲ್ಲೂ ಹಾಗೆಯೇ ಇತ್ತು. ಪ್ರಶಸ್ತಿಗಳ ಪಟ್ಟಿಯಲ್ಲಿ ಇಂಥದ್ದು ಎಲ್ಲಿ ಬರುತ್ತದೆ? ಒಬ್ಬ ನಟಿಯ ಹೆಸರು ಒಂದು ಕಸುಬಿನ ಹೆಸರಾಗುವುದು.

ಜಗಳೂರಿನ ಹುಡುಗಿ ಪುಟಗಳನ್ನೇ ತಂದಿರಲಿಲ್ಲ. ಅಜ್ಜಿಗೆ ಬರೆಸುವಷ್ಟು ಮಾತು ಇಲ್ಲ, ಹಾಡು ಇದೆ ಎಂದು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಳು. ತರಗತಿಯಲ್ಲಿ ಕೇಳಿಸಿದೆವು. ಹಿನ್ನೆಲೆಯಲ್ಲಿ ಕೋಳಿ, ಟ್ರ್ಯಾಕ್ಟರ್ ಸದ್ದು. ಹಲ್ಲಿಲ್ಲದ ಬಾಯಿಂದ ಮಾತುಗಳು ಅರ್ಧಂಬರ್ಧ ಬರುತ್ತಿದ್ದವು, ಆದರೆ ಮಟ್ಟು ಅಲುಗಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಕಂಠ ಸಾಲದೆ ಅಲ್ಲಿಗೆ ಕೈಯಿಂದ ಮಂಚ ತಟ್ಟಿ ಜಾಗ ತುಂಬಿಸಿ, ಕೆಳಗಿಳಿದು ಮತ್ತೆ ಹಿಡಿದರು. ಹಿಂದಿನ ಬೆಂಚಿನವರೂ ಸುಮ್ಮನಾದರು. ಎಂಟು ವರ್ಷದವರಿದ್ದಾಗ ಕಂಪನಿಯ ಹಿಂದೆ ಹೋಗುತ್ತೇನೆಂದು ಹಠ ಹಿಡಿದದ್ದಕ್ಕೆ ಮನೆಯವರು ಎರಡು ದಿನ ಕೋಣೆಯಲ್ಲಿ ಕೂಡಿದ್ದರಂತೆ. ಇದನ್ನು ಅಜ್ಜಿ ಯಾರಿಗೂ ಹೇಳಿರಲಿಲ್ಲ, ಮೊಮ್ಮಗಳು ಕೇಳಿದ್ದಕ್ಕೆ ಹೇಳಿದರು.

ರೆಕಾರ್ಡಿಂಗ್ ಮೂರು ನಿಮಿಷಕ್ಕೆ ನಿಲ್ಲುತ್ತದೆ. ಕೊನೆಯಲ್ಲಿ ಹುಡುಗಿಯ ದನಿ, “ಸಾಕಜ್ಜಿ, ಮೇಡಂಗೆ ಇಷ್ಟು ಸಾಕು.” ಅದರ ಮೇಲೆ ಅಜ್ಜಿಯ ದನಿ, “ತಡಿಯೇ, ಇನ್ನೂ ಐತೆ.”